ಆನೆಯ ಪಾಠಕ್ಕೆ ತೇಪೆ ಹಚ್ಚಿದ ಖಾದರಸಾಬ

ಖಾದರಸಾಬ ಕಾಕಾ ಯಾರೊಡನೆಯೂ ಮುಖ ನೋಡಿ ಮಾತಾಡುತ್ತಿರಲಿಲ್ಲ; ಭುಜ ನೋಡಿ ಮಾತಾಡುತ್ತಿದ್ದ. ರಾಣೇಬೆನ್ನೂರಿನ ಪೇಟೆಯಲ್ಲಿ ಅವನದೊಂದು ಸಣ್ಣ ಹೊಲಿಗೆ ಅಂಗಡಿ. ದೂರದಲ್ಲಿ ಮನುಷ್ಯಾಕೃತಿ ಕಂಡರೆ ಸಾಕು, "ಎಡಗಡೆ ಭುಜ ಇಳದೈತಿ. ನಿಮ್ಮಪ್ಪ ಬರಾಕತ್ತಾನ ನೋಡು" ಎನ್ನುತ್ತಿದ್ದ. ನನ್ನ ಅಪ್ಪ ಅರಳೆ ಪೇಟೆಯಲ್ಲಿ ಮೂಟೆ ಹೊರುವ ಹಮಾಲ. ಕಾಕಾನ ಮಾತು ತಪ್ಪುತ್ತಿರಲಿಲ್ಲ.

ಮಹಾಯುದ್ಧಕ್ಕೆ ಇನ್ನೂ ಮುಂಚಿನ ಮಾತಿದು. ಕಾಕಾನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಅವನ ಮಗ ಮಕಬೂಲ, ನನ್ನ ಜೊತೆಯವನು, ದಿನಾ ಸಂಜೆ ಅಂಗಡಿಯಲ್ಲಿ ಕೂತು ಅಂದಿನ ಪಾಠ ಓದಲೇಬೇಕು. ಕಾಕಾ ಮಷೀನು ತುಳಿಯುತ್ತ, "ಜೋರ ಓದಲೇ, ಮಷೀನ ಸಪ್ಪಳ ನಿನ್ನ ಸಪ್ಪಳಕ್ಕಿಂತ ಜಾಸ್ತಿ ಐತಿ" ಎಂದು ಗದರುತ್ತಿದ್ದ.

ಒಂದು ಸಂಜೆ ಮಕಬೂಲ ಓದಲಿಲ್ಲ. ಮರುದಿನ ಶಾಲೆಗೂ ಬರಲಿಲ್ಲ. ಹಿಂದಿನ ದಿನದ ಪಾಠ ಆನೆಯದು. ದಿನಾ ಹೊಳೆಗೆ ಹೋಗುವ ಆನೆ ಬಟ್ಟೆ ಹೊಲಿಯುವ ಸಿಂಪಿಗನ ಅಂಗಡಿಗೆ ಸೊಂಡಿಲು ಚಾಚುತ್ತದೆ, ಅವನು ಬಾಳೆಹಣ್ಣು ಕೊಡುತ್ತಾನೆ. ಒಂದು ದಿನ ಹಣ್ಣಿನ ಬದಲು ಸೂಜಿ ಚುಚ್ಚುತ್ತಾನೆ. ಆನೆ ಹೊಳೆಯಿಂದ ಸೊಂಡಿಲ ತುಂಬ ರಾಡಿನೀರು ತಂದು ಅವನ ಅಂಗಡಿಗೆಲ್ಲ ಉಗ್ಗುತ್ತದೆ. ಪಾಠ ಮುಗಿದದ್ದೇ ತಡ, ಹುಡುಗರು ಬಾಯ್ತುಂಬ ನೀರು ತುಂಬಿಕೊಂಡು "ಆನಿ ಬಂತೋ ಸಿಂಪಿಗಾ!" ಎಂದು ಮಕಬೂಲನ ಮೇಲೆ ಉಗುಳಿದ್ದರು. ಅವನು ತೊಯ್ದು ಮನೆಗೆ ಹೋದವನು, ಇನ್ನು ಸಾಲಿ ಬೇಡ, ಗುಂಡಿಯ ಕಾಜಾ ಮಾಡುವುದನ್ನೇ ಕಲಿಯುತ್ತೇನೆ ಎಂದು ಹಟ ಹಿಡಿದ.

ವಾರ ಕಳೆಯಿತು. ಮಗ ಅಪ್ಪನಿಗೆ ಪಾಠದ ಕಥೆ ಹೇಳಿದ, ಆದರೆ ಬಗ್ಗಲಿಲ್ಲ. ಒಂದು ಬೆಳಿಗ್ಗೆ ಕಾಕಾ ಅಂಗಡಿ ಮುಚ್ಚಿ ನೇರ ನಮ್ಮ ವರ್ಗದ ಬಾಗಿಲಿಗೆ ಬಂದ.

"ಮಾಸ್ತರ್ರ, ನಿಮ್ಮ ಪುಸ್ತಕದಾಗ ಆನೀದಷ್ಟ ಬರದಾರ. ಸಿಂಪಿಗಂದು ಯಾರೂ ಕೇಳಿಲ್ಲರಿ."

ಮಾಸ್ತರು ಕನ್ನಡಕ ಏರಿಸಿದರು. "ಖಾದರಸಾಬ, ಪುಸ್ತಕ ಧಾರವಾಡದಿಂದ ಛಾಪಾ ಆಗಿ ಬಂದೈತಿ. ಅದನ್ನ ತಿದ್ದಾಕ ನಾ ಯಾರು?"

"ತಿದ್ದಬ್ಯಾಡ್ರಿ. ಒಂದು ತೇಪಿ ಹಚ್ಚತೇನಿ."

ಮಾಸ್ತರಿಗೆ ನಗು ತಡೆಯಲಾಗಲಿಲ್ಲ. ಖುರ್ಚಿ ಬಿಟ್ಟುಕೊಟ್ಟರು. ಕಾಕಾ ಅದರ ಮೇಲೆ ಕೂಡಲಿಲ್ಲ. ನಮ್ಮೆದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಮೊದಲು ಎಲ್ಲರ ಭುಜ ನೋಡಿದ. "ಏ ಮೂಲ್ಯಾಗಿನಾಂವ, ತೋಳು ಬಿಚ್ಚೇತಿ, ಸಂಜೀಕ ಅಂಗಡೀಗೆ ಬಾ" ಅಂದ. ಆಮೇಲೆ ಶುರು ಮಾಡಿದ.

"ಸಿಂಪಿಗ ಚುಚ್ಚಿದ್ದು ಖರೇ. ತಪ್ಪ ಅದು. ಆದ್ರ ಆನಿ ರಾಡಿ ಉಗ್ಗಿತಲ್ಲ, ಯಾರ ಮ್ಯಾಗ?"

"ಸಿಂಪಿಗನ ಮ್ಯಾಗ!" ಎಂದು ನಾವೆಲ್ಲ ಕೂಗಿದೆವು.

"ಅಂಗಡ್ಯಾಗಿನ ಅರಿವಿ ಯಾರವು?"

ಕಾಕಾ ಬೆರಳು ಮಡಚಿ ಎಣಿಸತೊಡಗಿದ.

"ಒಬ್ಬಾಕಿ ಲಗ್ನದ ಕುಬಸ ಇತ್ತು. ಒಬ್ಬ ಹಮಾಲನ ಹಬ್ಬದ ಅಂಗಿ ಇತ್ತು. ಅವರೇನ ಚುಚ್ಚಿದ್ರು ಆನೀಗೆ?"

ಹಮಾಲ ಎಂದಾಗ ನಾನು ನೆಟ್ಟಗೆ ಕೂತೆ.

"ಮುಂದ ಏನಾತ್ರಿ ಕಾಕಾ?" ಎಂದು ಹಿಂದಿನ ಸಾಲಿನವನೊಬ್ಬ ಕೇಳಿದ.

"ಸಿಂಪಿಗ ಹೊರಗ ಬಂದು, 'ನನ್ನಷ್ಟ ತೋಯಿಸು, ಮಂದಿ ಅರಿವಿ ಯಾಕ ಕೆಡಸ್ತಿ?' ಅಂದ. ಆನೀಗೆ ನಾಚಿಕಿ ಬಂತು. ಅರಿವಿ ಎಲ್ಲಾ ಹೊತಗೊಂಡು ಹೊಳಿಗೆ ಹೋತು. ಒಗದು, ಹಿಂಡಿ, ಕಿವೀಲೆ ಗಾಳಿ ಬೀಸಿ ಒಣಗಿಸಿತು."

"ಇಸ್ತ್ರಿ?"

"ಕಾಲಿಟ್ಟರ ಮುಗೀತಲ್ಲೋ, ಅದಕ್ಯಾಕ ಕೆಂಡ?"

ಮಾಸ್ತರು ಕೂಡ ಬಿದ್ದು ಬಿದ್ದು ನಕ್ಕರು. ಕಾಕಾ ನಗಲಿಲ್ಲ. ಏಳುವಾಗ ದನಿ ಸಣ್ಣದಾಯಿತು. "ನನ್ನ ಮಗನ್ನ ಕರಕೊಂಬರ್ರೆಪಾ. ನಾ ಕರದ್ರ ಬರವೊಲ್ಲ."

ಅಂದು ಸಂಜೆ ಇಡೀ ವರ್ಗ ಅಂಗಡಿಯ ಮುಂದೆ ನಿಂತಿತು. ನೀರು ಉಗುಳಿದವರೇ ಮುಂದೆ. "ನಾಳೆ ಆನಿ ಆಟ ಆಡೂಣು, ಬಾರಲೇ" ಎಂದು ಕರೆದರು. ಮರುದಿನ ಮಕಬೂಲ ಬಂದ. ಆನೆಯಾಗಲು ಎಲ್ಲರೂ ಜಗಳಾಡಿದರು. ಸಿಂಪಿಗ ಯಾರು ಎಂಬ ಪ್ರಶ್ನೆ ಬಂದಾಗ ಅವನೇ ಮುಂದೆ ಬಂದ, "ನಾನ ಆಗತೇನಿ. ನನಗ ಗೊತ್ತೈತಿ ಅದು."

ಮಕಬೂಲ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ ಹಲಗೇರಿಯ ಸಾಲೆಯಲ್ಲಿ ಮಾಸ್ತರನಾದ. ನಾನು ಧಾರವಾಡದಲ್ಲಿ ವಾರಾನ್ನ ಉಂಡು ಬಿ.ಎ. ಮಾಡಿದೆ. ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೇ ಮೊದಲಿಗ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಫಲಿತಾಂಶ ಹೇಳಲು ಹೋದಾಗ ಕಾಕಾನ ಕಣ್ಣು ಮಂಜಾಗಿತ್ತು, ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ಗೋಡೆಗೆ ತೂಗುಬಿಟ್ಟ, ಸೂಜಿ ಚುಚ್ಚಿಡುವ ಬಟ್ಟೆಯ ಪುಟ್ಟ ಗಾದಿಯಲ್ಲಿ ದಾರ ಪೋಣಿಸಿದ ಸೂಜಿಗಳ ಸಾಲಿತ್ತು.

"ಮಾಸ್ತರ ಪೋಣಿಸಿಕೊಟ್ಟ ಹೋಗ್ಯಾನ" ಅಂದ. ತನ್ನ ಮಗನನ್ನು ಅವನು ಹಾಗೆಯೇ ಕರೆಯುತ್ತಿದ್ದ. "ಮುಂಜಾನೆ ಇಷ್ಟು ಪೋಣಿಸಿಟ್ಟ ಸೈಕಲ್ ಹತ್ತತಾನ. ಸಂಜೀತನಕ ನನಗ ಸಾಲತಾವು."

ಮುಂದಿನ ಸಲ ನಾನು ಊರಿಗೆ ಬರುವಷ್ಟರಲ್ಲಿ ಕಾಕಾ ಇರಲಿಲ್ಲ. ಮಧ್ಯಾಹ್ನ ಕಾಜಾ ಮಾಡುತ್ತ ಮಾಡುತ್ತಲೇ ಒರಗಿದನಂತೆ. ಮಕಬೂಲ ಅಂಗಡಿಯ ಬಾಗಿಲು ತೆರೆದು ತೋರಿಸಿದ. ಗಾದಿಯ ಒಂದು ತುದಿಯ ಸೂಜಿಗಳಲ್ಲಿ ದಾರ ಮುಗಿದಿತ್ತು. ಉಳಿದವುಗಳಿಂದ ಬಿಳಿಯ ದಾರ ಉದ್ದಕ್ಕೆ ಇಳಿಬಿದ್ದಿತ್ತು.

"ಅವತ್ತ ಮುಂಜಾನೆ ಪೋಣಿಸಿದ್ದು" ಅಂದ ಮಕಬೂಲ. "ಇಷ್ಟು ಉಳದಾವ ನೋಡು."