ಅಕ್ಕನ ಮನೆಗೆ ಅರವತ್ತು ಕಿಲೋಮೀಟರು

ಪುಟ್ಟಿಗೆ ಐವತ್ತೊಂದು ವರ್ಷ. ಮನೆಗೆ ಕೊನೆಯ ಕೂಸೆಂದು ಅಕ್ಕ ಕರೆದ ಹೆಸರು ಹಾಗೇ ಅಂಟಿಕೊಂಡಿತ್ತು. ಸಿದ್ಧ ಉಡುಪಿನ ಅಂಗಡಿಯೊಂದಕ್ಕೆ ಪ್ಯಾಂಟುಗಳ ಅಂಚು ಮಡಿಚಿ ಹೊಲಿದುಕೊಡುವುದು ಅವಳ ಕೆಲಸ. ದಿನಕ್ಕೆ ಇಪ್ಪತ್ತು ಪ್ಯಾಂಟು. ಮನೆಯವರು ಇದನ್ನು ಕೆಲಸವೆನ್ನುತ್ತಿರಲಿಲ್ಲ, ಹೊತ್ತು ಹೋಗಲಿಕ್ಕೆ ಏನೋ ಹೊಲೀತಾಳೆ ಎನ್ನುತ್ತಿದ್ದರು. ಹೊತ್ತು ಕಳೆಯಲು ಅವಳಿಗೆ ಹೊಲಿಗೆಯೇ ಬೇಕಿರಲಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದರೆ ಮಾವನ ಹಾಲು, ಗಂಡನ ಬುತ್ತಿ, ಸರಿಯಾಗಿ ಹನ್ನೆರಡೂವರೆಗೆ ಮಾವನ ಊಟ, ನಾಲ್ಕಕ್ಕೆ ಅವರ ಮಾತ್ರೆ. ಹೊತ್ತು ಅವಳನ್ನು ಎಳೆದುಕೊಂಡೇ ಓಡುತ್ತಿತ್ತು.

ಅವಳಿಗಿದ್ದ ಆಸೆ ದೊಡ್ಡದೇನಲ್ಲ. ಅಕ್ಕನ ಮನೆಗೆ ಒಬ್ಬಳೇ ಹೋಗಬೇಕು, ಮಾತು ಮುಗಿಯುವವರೆಗೆ ಕೂತು ಬರಬೇಕು.

ಅಕ್ಕನ ಮನೆ ಅರವತ್ತು ಕಿಲೋಮೀಟರು ದೂರ. ಬಸ್ಸಿನಲ್ಲಾದರೆ ಎರಡು ಕಡೆ ಇಳಿದು ಹತ್ತಬೇಕು. ಹೋಗಿ ಮುಟ್ಟುವ ಹೊತ್ತಿಗೆ ಒಂದೂವರೆ, ಹಿಂದಿರುಗುವ ಕೊನೆಯ ಬಸ್ಸು ಎರಡೂಕಾಲಿಗೆ. ಹಾಗಾಗಿ ಇಪ್ಪತ್ತೇಳು ವರ್ಷ ಅವಳು ಗಂಡನ ಹಿಂದೆ ಸ್ಕೂಟರಿನಲ್ಲಿ, ಆಮೇಲೆ ಗಂಡನ ಪಕ್ಕ ಕಾರಿನಲ್ಲಿ ಅಲ್ಲಿಗೆ ಹೋಗಿ ಬಂದಳು. ಗಂಡ ಕೆಟ್ಟವನಲ್ಲ, ಕೇಳಿದರೆ ಕರೆದುಕೊಂಡು ಹೋಗುತ್ತಿದ್ದ. ಆದರೆ ಕಾಫಿಯ ಲೋಟ ಕೆಳಗಿಟ್ಟವನೇ ಕೀಯನ್ನು ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸತೊಡಗುತ್ತಿದ್ದ. ಅರ್ಧ ಗಂಟೆಯಾದರೆ ಕಾರಿನಲ್ಲಿ ಹೋಗಿ ಕೂರುತ್ತಿದ್ದ. ಮುಕ್ಕಾಲು ಗಂಟೆಗೆ ಹಾರ್ನು. ಅಕ್ಕತಂಗಿಯರು ಅಷ್ಟರಲ್ಲಿ ಪಾತ್ರೆ ತೊಳೆದಿಟ್ಟು ಆಗಷ್ಟೇ ಕೂತಿರುತ್ತಿದ್ದರು. ಭಾವ ಇದ್ದಾಗಲಂತೂ ಮಾತೆಲ್ಲ ಒಲೆಯ ಮುಂದೆಯೇ ಆಗಬೇಕಿತ್ತು, ಅದೂ ಅಕ್ಕನ ಕಿವಿಗೆ ಬಾಯಿಟ್ಟು.

ಫೋನಿನಲ್ಲಿ ಮಾತಾಡಬಹುದಿತ್ತಲ್ಲ ಎಂದರೆ, ಅಕ್ಕನಿಗೆ ಎಡಗಿವಿ ಪೂರ್ತಿ ಮಂದ, ಬಲಗಿವಿಗೂ ಜೋರಾಗಿ ಹೇಳಬೇಕು. ಭಾವ ತೀರಿಕೊಳ್ಳುವುದಕ್ಕೆ ಒಂದು ವರ್ಷ ಮುಂಚೆ, ಒಂದು ಭಾನುವಾರ ಅಕ್ಕ ಅವಳ ಮೊಣಕೈ ಹಿಡಿದು, “ಆ ಒಂದು ವರ್ಷ ನಾನು ನಿಮ್ಮನೆ ಕಡೆ ತಲೆ ಹಾಕ್ಲಿಲ್ಲವಲ್ಲ, ಯಾಕೆ ಗೊತ್ತಾ?” ಎಂದಿದ್ದಳು. ಅಷ್ಟರಲ್ಲಿ ಹಾರ್ನು ಕೇಳಿಸಿತು. ಪುಟ್ಟಿ ಮನೆಗೆ ಬಂದು ಮರುದಿನವೇ ಫೋನು ಮಾಡಿ, “ಆ ವರ್ಷ ಯಾಕೆ ಬರ್ಲಿಲ್ಲ?” ಎಂದು ಕೂಗಿ ಕೇಳಿದಳು. ಅತ್ತಲಿಂದ ಅಕ್ಕ ಏನು ಎಂದಳು, ಇತ್ತ ಕೋಣೆಯಿಂದ ಮಾವನೂ ಏನು ಎಂದರು. ಕೂಗಿ ಕೇಳುವಂಥ ಮಾತಲ್ಲ ಅದೆಂದು ಅವಳಿಗೆ ಆಗ ಹೊಳೆಯಿತು.

ಮರುವರ್ಷವೇ ಅವಳು ಡ್ರೈವಿಂಗ್ ಶಾಲೆಗೆ ಸೇರಿಬಿಟ್ಟಳೆಂದು ಯಾರೂ ಅಂದುಕೊಳ್ಳಬಾರದು. ಯೋಚನೆ ಮಾಡುವುದಕ್ಕೇ ಮೂರು ವರ್ಷ ಹಿಡಿಯಿತು.

ಕಲಿಸಿದ ಮೇಷ್ಟ್ರು ಹಿಂದೆ ಲಾರಿ ಓಡಿಸುತ್ತಿದ್ದವರು. ಕ್ಲಚ್ಚು, ಗೇರು, ಹಿಮ್ಮುಖವಾಗಿ ನಿಲ್ಲಿಸುವುದು, ಎಲ್ಲ ಅವಳಿಗೆ ಬೇಗ ಬಂತು. ಹೊಲಿಗೆ ಯಂತ್ರ ತುಳಿದ ಕಾಲು. ಬಾರದೇ ಹೋದದ್ದು ಒಂದೇ. ನಾಲ್ಕು ರಸ್ತೆ ಕೂಡುವಲ್ಲಿ ತನ್ನ ಸರದಿ ಬಂದಾಗಲೂ ಅವಳು ನಿಂತು, ಹೋಗಿ ಹೋಗಿ ಎಂದು ಕೈ ತೋರಿಸುತ್ತಿದ್ದಳು. ಸೈಕಲ್ಲಿನವನು ಹೋದ, ಆಟೋ ಹೋಯಿತು, ಎದುರಿನ ವ್ಯಾನು ಹೋಯಿತು. ಅವಳ ಕೈ ಇಳಿಯುತ್ತಿರಲಿಲ್ಲ. ಮೇಷ್ಟ್ರು ಹಣೆ ಒರೆಸಿಕೊಂಡು, “ಅಮ್ಮಾ, ಇದು ರಸ್ತೆ, ಊಟದ ಮನೆಯಲ್ಲ. ಎಲ್ಲರಿಗೂ ಬಡಿಸಿ ಆಮೇಲೆ ಕೂತ್ಕೊಳ್ತೀನಿ ಅಂದ್ರೆ ಸಾಯಂಕಾಲ ಆಗುತ್ತೆ,” ಎಂದರು.

ಮೊದಲ ಪರೀಕ್ಷೆಯಲ್ಲಿ ಅವಳು ಫೇಲಾದದ್ದು ಇದರಿಂದಲೇ. ಪಕ್ಕದಲ್ಲಿ ಕೂತಿದ್ದ ಇನ್‌ಸ್ಪೆಕ್ಟರ್ ಮೇಡಂ, ನಲವತ್ತರ ಆಸುಪಾಸಿನ ತೆಳ್ಳನೆಯ ಹೆಂಗಸು, ಕೂಡುರಸ್ತೆಯಲ್ಲಿ ಮೂರು ವಾಹನಗಳನ್ನು ಎಣಿಸಿದರು, ನಾಲ್ಕನೆಯದಕ್ಕೆ ಪೆನ್ನು ತೆಗೆದರು. ಸರದಿ ಬಂದಾಗ ಹೋಗದಿರುವುದೂ ತಪ್ಪೇ ಎಂದು ಹೇಳಿ ಕಾಗದ ಕೈಗಿತ್ತರು. ಗಂಡ ಆ ಕಾಗದ ಓದಿ ನಕ್ಕ. ಹೆಂಡತಿ ಒಳ್ಳೆಯತನಕ್ಕೇ ಫೇಲಾದಳು ಎಂದು ತನ್ನ ಅಂಗಡಿಗೆ ಬಂದವರಿಗೆಲ್ಲ ಎರಡು ದಿನ ಹೇಳಿದ.

ಎರಡನೆಯ ಪರೀಕ್ಷೆಯ ದಿನ ಹೋದರೆ ಆಫೀಸಿನ ಗೇಟಿಗೆ ಬೀಗ. ಹೊರಗೆ ನೀಲಿ ಟಾರ್ಪಾಲಿನ ಕೆಳಗೆ ಸಿಬ್ಬಂದಿಯೆಲ್ಲ ಕುರ್ಚಿ ಹಾಕಿಕೊಂಡಿದ್ದರು. ಒಬ್ಬ ಇನ್‌ಸ್ಪೆಕ್ಟರು ದಿನಕ್ಕೆ ಅರವತ್ತು ಜನರ ಪರೀಕ್ಷೆ ಮಾಡಬೇಕಾಗಿದೆ, ಖಾಲಿ ಜಾಗ ತುಂಬಿ ಎಂದು ಮುಷ್ಕರ. ಬೇಡಿಕೆಯ ಬೋರ್ಡಿನಲ್ಲಿ ಆರು ಸಾಲು ಅಚ್ಚಾಗಿದ್ದವು. ಏಳನೆಯದನ್ನು ಯಾರೋ ಆಮೇಲೆ ಪೆನ್ನಿನಲ್ಲಿ ಸೇರಿಸಿದ್ದರು, ಪರೀಕ್ಷೆಯ ಮೈದಾನದಲ್ಲಿ ಹೆಂಗಸರಿಗೊಂದು ಶೌಚಾಲಯ ಎಂದು.

ಎರಡು ದಿನದಲ್ಲಿ ಮುಗಿಯುತ್ತದೆ ಎಂದವರಿದ್ದರು. ಹನ್ನೊಂದು ವಾರ ನಡೆಯಿತು. ಅಂಗಡಿಗೆ ಪ್ಯಾಂಟು ಕೊಟ್ಟು ಬರುವಾಗ ಪುಟ್ಟಿ ಸುತ್ತು ಹಾಕಿ ಆ ಗೇಟಿನ ಮುಂದೆಯೇ ಹಾದುಹೋಗುತ್ತಿದ್ದಳು. ಗಂಡಸರು ಇಸ್ಪೀಟು ಆಡುತ್ತಿದ್ದರು, ಒಂದೇ ಪೇಪರನ್ನು ಆರು ಹಾಳೆ ಮಾಡಿ ಹಂಚಿಕೊಂಡು ಓದುತ್ತಿದ್ದರು. ಒಂದು ಗಂಟೆಗೆ ಅವರವರ ಮನೆಯಿಂದ ಕ್ಯಾರಿಯರು ಬರುತ್ತಿತ್ತು. ಆ ಕ್ಯಾರಿಯರು ಕಟ್ಟಿದವರು ಹನ್ನೊಂದು ವಾರದಲ್ಲಿ ಒಂದು ದಿನವೂ ಮುಷ್ಕರ ಹೂಡಲಿಲ್ಲ.

ಇನ್‌ಸ್ಪೆಕ್ಟರ್ ಮೇಡಂ ತುದಿಯ ಕುರ್ಚಿಯಲ್ಲಿ ಕೂತು ಮಡಿಲಲ್ಲಿ ಹುರುಳಿಕಾಯಿ ಇಟ್ಟುಕೊಂಡು ನಾರು ತೆಗೆಯುತ್ತಿದ್ದರು. ಒಂದು ದಿನ ಪುಟ್ಟಿ ಅವರ ಪಕ್ಕದಲ್ಲಿ ಕೂತಳು. ಕೈ ತಾನಾಗಿ ಹುರುಳಿಕಾಯಿಗೆ ಹೋಯಿತು. ಯಾವಾಗ ಬಾಗಿಲು ತೆಗೆಯುತ್ತೀರಿ ಎಂದು ಕೇಳಿದಳು.

“ನನ್ನ ಕೇಳಿದ್ರೆ ನಾಳೆನೇ,” ಎಂದರು ಮೇಡಂ. “ಮುಷ್ಕರ ಅಂದ್ರೆ ರಜ ಅಂದ್ಕೊಂಡಿದಾರೆ ನಮ್ಮತ್ತೆ. ಅಟ್ಟ ಗುಡಿಸಿದ್ದಾಯ್ತು, ಇವತ್ತು ಪರದೆ ಒಗೆಯೋದಿದೆ.”

ಗಂಡನ ಕಾರಿನಲ್ಲಿ ಅಭ್ಯಾಸ ಮಾಡೋಣವೆಂದರೆ ಅವನು ಪಕ್ಕದಲ್ಲಿ ಕೂತು ಹ್ಯಾಂಡ್ ಬ್ರೇಕನ್ನು ಬಿಡದೆ ಹಿಡಿದುಕೊಳ್ಳುತ್ತಿದ್ದ. ಎರಡು ಸಲ ಹೋಗಿ ಅವಳೇ ಸಾಕೆಂದಳು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ತರಕಾರಿ ಹೆಚ್ಚುತ್ತ ನೆಲವನ್ನೇ ತುಳಿದು ಅಭ್ಯಾಸ ಮಾಡಿದಳು. ಎಡಗಾಲು ಕ್ಲಚ್ಚು, ಬಲಗಾಲು ಬ್ರೇಕು. ಮಾವ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿ, ಇರುವೆ ಕಚ್ಚುತ್ತಿದೆಯೇ ಎಂದು ವಿಚಾರಿಸಿದರು.

ಎಂಟನೆಯ ವಾರ ಅಕ್ಕನ ಫೋನು ಬಂತು. ಮನೆ ಮಾರಿಯಾಗಿದೆ, ಮುಂದಿನ ತಿಂಗಳ ಮೂವತ್ತನೇ ತಾರೀಕು ಮಗಳ ಊರಿಗೆ ಹೊರಡುವುದು. ಮಗಳ ಊರು ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿ. ಎರಡು ಕೋಣೆಯ ಮನೆ, ಐದು ಜನ, ಅಕ್ಕನ ಹಾಸಿಗೆ ಹಾಲಿನಲ್ಲಿ. ಪುಟ್ಟಿ ಫೋನಿಟ್ಟು ಲೆಕ್ಕ ಹಾಕಿದಳು. ಕಲಿಯುವವರ ಲೈಸೆನ್ಸು ಅದೇ ತಿಂಗಳ ಇಪ್ಪತ್ತೆಂಟಕ್ಕೆ ಮುಗಿಯುತ್ತದೆ. ಗೇಟಿನ ಬೀಗ ಇನ್ನೂ ಹಾಗೇ ಇದೆ. ಅಕ್ಕ ಆ ಹಾಲಿಗೆ ಹೋಗಿ ಕೂತಮೇಲೆ ತಮ್ಮಿಬ್ಬರಿಗೆ ಏಕಾಂತ ಎಲ್ಲಿಂದ ಬರಬೇಕು? ಗಂಡ, ಅದಕ್ಕೇನು, ಹೊರಡುವ ಮುಂಚೆ ಒಂದು ಭಾನುವಾರ ನಾನೇ ಕರೆದುಕೊಂಡು ಹೋಗುತ್ತೇನಲ್ಲ ಎಂದ. ಆ ರಾತ್ರಿಯ ಸಾರಿಗೆ ಅವಳು ಉಪ್ಪು ಹಾಕುವುದನ್ನೇ ಮರೆತಳು.

ಮರುತಿಂಗಳ ಹತ್ತಕ್ಕೆ ಮುಷ್ಕರ ಮುಗಿಯಿತೆಂದು ಸುದ್ದಿ ಬಂತು. ಹೊಸ ಇನ್‌ಸ್ಪೆಕ್ಟರುಗಳನ್ನು ತೆಗೆದುಕೊಳ್ಳಲು ಒಪ್ಪಿದ್ದಾರಂತೆ. ಏಳನೆಯ ಬೇಡಿಕೆಯನ್ನು ಪರಿಶೀಲಿಸುತ್ತಾರಂತೆ. ಮರುದಿನ ಪುಟ್ಟಿ ಮಾವನ ಊಟ ಮುಚ್ಚಿಟ್ಟು ಏಳು ಗಂಟೆಗೇ ಹೋಗಿ ನಿಂತಳು. ಸಾಲು ಆಫೀಸಿನ ಗೋಡೆ ಸುತ್ತಿ, ಪಂಕ್ಚರ್ ಅಂಗಡಿ ದಾಟಿ, ಶಾಲೆಯ ಕಾಂಪೌಂಡಿನವರೆಗೆ ಹೋಗಿತ್ತು. ಕೆಲಸ ಸಿಕ್ಕೂ ಲೈಸೆನ್ಸಿಲ್ಲದೆ ಕಾದ ವ್ಯಾನ್ ಚಾಲಕರು, ಮೂರನೆಯ ಸಲ ಬಂದ ನರ್ಸು, ಎಲ್ಲರಿಗೂ ಅವರವರದೇ ಅವಸರ. ಹಿಂದೆ ನಿಂತವಳೊಬ್ಬಳು ಬ್ಯಾಂಕಿಗೆ ಹೊತ್ತಾಯಿತು, ಸ್ವಲ್ಪ ಮುಂದೆ ಬಿಡ್ತೀರಾ ಆಂಟಿ ಎಂದಳು. ಪುಟ್ಟಿಯ ಒಂದು ಕಾಲು ಆಗಲೇ ಪಕ್ಕಕ್ಕೆ ಸರಿದಿತ್ತು. ಅದನ್ನು ಹಿಂದಕ್ಕೆ ತಂದು, ಇಲ್ಲಮ್ಮ, ನನಗೂ ಹೊತ್ತಾಗಿದೆ ಎಂದಳು. ಎರಡು ಗಂಟೆಗೆ ಚೀಟಿ ಸಿಕ್ಕಿತು. ಇಪ್ಪತ್ತಾರು, ಶುಕ್ರವಾರ.

ಇಪ್ಪತ್ತಾರಕ್ಕೆ ಮಾವನ ಕಣ್ಣಿನ ತಪಾಸಣೆ ಇತ್ತು. ಗಂಡ ತಟ್ಟೆಯಿಂದ ತಲೆಯೆತ್ತದೆ, “ನಿನ್ನ ದಿನ ಬದಲಾಯಿಸ್ಕೋ,” ಎಂದ.

“ಬದಲಾಯಿಸಿದ್ರೆ ಮೂರು ತಿಂಗಳು. ಮಾವನ್ನ ನೀವೇ ಕರ್ಕೊಂಡು ಹೋಗಿ.”

“ಅಂಗಡಿ?”

“ಅಂಗಡಿಗೆ ಒಂದಿನ ಮುಷ್ಕರ ಅಂದ್ಕೊಳ್ಳಿ.”

ಕೋಣೆಯಿಂದ ಮಾವ, “ನನ್ನ ಕಣ್ಣು ಎಲ್ಲಿಗೂ ಓಡಿಹೋಗಲ್ಲ ಕಣೋ, ಅವಳು ಹೋಗ್ಲಿ,” ಎಂದರು. ಗಂಡ ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡ.

ಮೈದಾನದಲ್ಲಿ ಶೌಚಾಲಯ ಬಂದಿರಲಿಲ್ಲ. ಮೇಡಂ ಬೆಳಿಗ್ಗೆಯಿಂದ ನೀರು ಕುಡಿದಿರಲಿಲ್ಲವೆಂದು ತುಟಿ ನೋಡಿದರೇ ತಿಳಿಯುತ್ತಿತ್ತು. ಪಕ್ಕದಲ್ಲಿ ಕೂತು ಹುರುಳಿಕಾಯಿ ಬಿಡಿಸಿದವಳೆಂಬ ಗುರುತೇನೂ ಅವರ ಮುಖದಲ್ಲಿರಲಿಲ್ಲ. ಹೊರಡಿ ಎಂದರು.

ಕಂಬಗಳ ನಡುವೆ ಹಿಮ್ಮುಖವಾಗಿ ನಿಲ್ಲಿಸಿದ್ದಾಯಿತು, ಏರಿನಲ್ಲಿ ನಿಲ್ಲಿಸಿ ಹೊರಡಿಸಿದ್ದಾಯಿತು. ನಾಲ್ಕು ರಸ್ತೆ ಕೂಡುವಲ್ಲಿಗೆ ಬಂದರು. ಚೀಲ ಹಿಡಿದ ಮುದುಕಿಯೊಬ್ಬಳು ದಾಟುತ್ತಿದ್ದಳು, ಪುಟ್ಟಿ ನಿಂತಳು. ಮುದುಕಿ ದಾಟಿದಳು. ಈಗ ಸರದಿ ಪುಟ್ಟಿಯದು. ಎಡಗಡೆಯಿಂದ ಒಬ್ಬ ಸ್ಕೂಟರಿನವನು ಅರ್ಧ ಮುಂದೆ ಬಂದು ಅವಳ ಮುಖವನ್ನೇ ನೋಡಿದ. ಸ್ಟೀರಿಂಗಿನಿಂದ ಅವಳ ಕೈ ಮೇಲೆದ್ದಿತು. ಇವನಿಗೆ ಏನು ಅವಸರವೋ ಎಂದು ಮನಸ್ಸು ಅಭ್ಯಾಸದಂತೆ ಮರುಗಿತು. ಹಾಗೆ ಮರುಗಿದ ಮನಸ್ಸನ್ನು ಹಾಗೇ ಬಿಟ್ಟು, ಎದ್ದ ಕೈಯನ್ನು ಗೇರಿನ ಮೇಲಿಟ್ಟು, ಅವಳು ಹೊರಟಳು. ಸ್ಕೂಟರಿನವನು ಗಕ್ಕನೆ ನಿಂತು, ಕಣ್ಣು ಕಾಣಲ್ವೇನಮ್ಮ ಎಂದು ಕೂಗಿದ.

ಕಾರು ನಿಲ್ಲಿಸಿದ ಮೇಲೆ ಮೇಡಂ ಬರೆದು ಮುಗಿಸಿ, “ಹೋದ ಸಲ ಎಲ್ಲರ ಹತ್ರ ಒಳ್ಳೆಯವರು ಅನ್ನಿಸ್ಕೊಂಡ್ರಿ, ಈ ಸಲ ಬೈಸ್ಕೊಂಡ್ರಿ,” ಎಂದು ಚೀಟಿಗೆ ಮೊಹರು ಒತ್ತಿದರು. ಹನ್ನೊಂದು ವಾರದ ಕೆಲಸ ಬಾಕಿ ಬಿದ್ದಿದೆ, ಕಾರ್ಡು ಬರುವುದು ತಡ, ಅಲ್ಲಿಯವರೆಗೆ ಈ ಚೀಟಿ ಸಾಕು.

ಮರುದಿನ ಬೆಳಿಗ್ಗೆ ಗಂಡ ಕೀ ಕೊಡುವಾಗ, ಪಕ್ಕದಲ್ಲಿ ಯಾರು ಕೂರುತ್ತಾರೆ ಎಂದು ಕೇಳಿದ. ಯಾರೂ ಇಲ್ಲ ಎಂದಳು. ಮೂರು ಹೊತ್ತಿಗೆ ಆಗುವಷ್ಟು ಮಾಡಿಟ್ಟು, ಯಾವ ಪಾತ್ರೆಯಲ್ಲಿ ಏನಿದೆ, ಯಾವ ಮಾತ್ರೆ ಎಷ್ಟು ಗಂಟೆಗೆ ಎಂದು ಚೀಟಿ ಬರೆದು ಅಂಟಿಸಿ ಹೊರಡುವ ಹೊತ್ತಿಗೆ ಎಂಟೂವರೆ. ಗಂಡ ಒಂದೂಕಾಲು ಗಂಟೆಯಲ್ಲಿ ಹೋಗುತ್ತಿದ್ದ ದಾರಿಗೆ ಅವಳಿಗೆ ಎರಡು ಗಂಟೆ ಬೇಕಾಯಿತು. ಇಷ್ಟು ವರ್ಷ ಎಡಗಡೆಯ ಕಿಟಕಿಯಿಂದ ಕಂಡ ಕೆರೆ, ಕಲ್ಲುಕ್ವಾರಿ, ಸೇತುವೆಗಳನ್ನು ಅವಳು ಈ ಸಲ ನೋಡಲೇ ಇಲ್ಲ. ರಸ್ತೆಯನ್ನು ಮಾತ್ರ ನೋಡಿದಳು.

ಅಕ್ಕ ಬಾಗಿಲು ತೆರೆದು ಅವಳ ಬೆನ್ನ ಹಿಂದೆ ಇಣುಕಿದಳು. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಒಳಗೆ ಕರೆದಳು. ಮನೆ ತುಂಬ ರಟ್ಟಿನ ಡಬ್ಬಗಳು. ಹದಿನೈದು ದಿನದಿಂದ ಅಕ್ಕ ಒಬ್ಬಳೇ ಕಟ್ಟಿದ್ದಳು. ಅಂಟುಪಟ್ಟಿ ಕಿತ್ತು ಕಿತ್ತು ಬೆರಳ ತುದಿ ಸೀಳಿತ್ತು. ಫ್ರಿಜ್ಜು ಆಗಲೇ ಹೋಗಿದ್ದರಿಂದ ಹಾಲಿಲ್ಲದ ಕಾಫಿ. ಇಬ್ಬರೂ ಬರಿ ನೆಲದ ಮೇಲೆ ಕೂತರು, ಪುಟ್ಟಿ ಅಕ್ಕನ ಬಲಗಿವಿಯ ಕಡೆಗೆ. ಮೊದಲು ಏನೇನೋ ಮಾತಾಡಿದರು. ಮೊಣಕಾಲು ನೋವು, ಮನೆ ಕೊಂಡವರು, ಮಗಳ ಮನೆಯ ಲಿಫ್ಟು. ಊಟವಾಯಿತು. ಎರಡು ಗಂಟೆಯ ಮೇಲೆ ಅಕ್ಕ ತಾನಾಗಿಯೇ ಶುರುಮಾಡಿದಳು.

“ಆ ವರ್ಷ ನಾನು ಮನೆ ಬಿಟ್ಟಿದ್ದೆ ಕಣೆ.”

ಮಗಳು ಆಗ ಹಾಸ್ಟೆಲಿನಲ್ಲಿ ಓದುತ್ತಿದ್ದಳಂತೆ. ಅಕ್ಕ ಇನ್ನೊಂದು ಊರಿಗೆ ಹೋಗಿ, ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಕೆಲಸ ಹಿಡಿದು, ಒಂದು ಕಿಟಕಿಯ ಕೋಣೆಯಲ್ಲಿ ಒಂಬತ್ತು ತಿಂಗಳು ಇದ್ದಳಂತೆ. ಭಾವ ಕೇಳಿದವರಿಗೆಲ್ಲ, ನನ್ನ ತಂಗಿಗೆ ಹುಷಾರಿಲ್ಲ, ಇವಳು ಅಲ್ಲಿಗೆ ಹೋಗಿದ್ದಾಳೆ ಎಂದು ಹೇಳಿದ್ದ. ಪುಟ್ಟಿಗೂ ಫೋನಿನಲ್ಲಿ ಹಾಗೇ ಹೇಳಿದ್ದ, ಅವಳು ನಂಬಿದ್ದಳು.

“ಮೊದಲನೇ ದಿನ ರೂಢಿ ಮೇಲೆ ಇಬ್ಬರಿಗೆ ಅಕ್ಕಿ ತೊಳೆದುಬಿಟ್ಟಿದ್ದೆ,” ಎಂದಳು ಅಕ್ಕ. “ಎರಡು ದಿನ ಅದನ್ನೇ ತಿಂದೆ. ಆಮೇಲೆ ಒಂದು ಹಿಡಿ ಅಂದ್ರೆ ಎಷ್ಟು ಅಂತ ಕೈಗೆ ಗೊತ್ತಾಯ್ತು. ಕೆಲವು ದಿನ ಒಲೆ ಹಚ್ತಾನೇ ಇರ್ಲಿಲ್ಲ.”

“ನನಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಬರ್ತಿದ್ದೆ. ನಿನ್ನ ಕರ್ಕೊಂಡು ಬರೋರು ಯಾರು? ಅವರು ನಮ್ಮಿಬ್ಬರನ್ನೂ ಕೂರಿಸ್ಕೊಂಡು, ನನ್ನ ಇಲ್ಲಿ ಇಳಿಸಿ ಹೋಗ್ತಿದ್ರು.”

ಹಾಗೇ ಆಗುತ್ತಿತ್ತು. ಮತ್ತೆ ಯಾಕೆ ವಾಪಸು ಬಂದೆ ಎಂದು ಪುಟ್ಟಿ ಕೇಳಿದಳು. ಅದನ್ನೂ ಹೇಳ್ತೀನಿ, ಒಂದು ಗಳಿಗೆ ಬೆನ್ನು ನೀಡ್ಕೊಂಡು ಹೇಳ್ತೀನಿ ಎಂದು ಅಕ್ಕ ಹಾಸಿಗೆಯ ಸುರುಳಿಗೆ ತಲೆಯಿಟ್ಟಳು. ಬಲಗಿವಿ ಕೆಳಗಾಯಿತು. ಎರಡು ನಿಮಿಷಕ್ಕೆ ಉಸಿರು ಭಾರವಾಯಿತು.

ಪುಟ್ಟಿ ಕಾದಳು. ನಾಲ್ಕಾಯಿತು, ನಾಲ್ಕೂವರೆಯಾಯಿತು. ಕತ್ತಲಲ್ಲಿ ಅವಳು ಇನ್ನೂ ಕಾರು ಓಡಿಸಿರಲಿಲ್ಲ. ಈಗ ಎಬ್ಬಿಸಿ ಕೇಳಿದರೆ ಉಳಿದ ಮಾತು ಹತ್ತು ನಿಮಿಷದಲ್ಲಿ ಮುಗಿದೀತು, ಬೆಳಕಿರುವಾಗಲೇ ಮನೆ ಸೇರಬಹುದು. ಭುಜ ಮುಟ್ಟಲು ಕೈ ಚಾಚಿದಳು. ಅಕ್ಕನ ಸೀಳಿದ ಬೆರಳುಗಳು ನೆಲದ ಮೇಲೆ ಅರ್ಧ ಬಿಚ್ಚಿಕೊಂಡು ಮಲಗಿದ್ದವು. ಚಾಚಿದ ಕೈ ಹಿಂದೆ ತೆಗೆದುಕೊಂಡು ಹೊರಗೆ ಬಂದು ಮನೆಗೆ ಫೋನು ಮಾಡಿದಳು.

“ಇವತ್ತು ಬರಲ್ಲ, ನಾಳೆ ಬರ್ತೀನಿ.”

“ಯಾಕೆ, ಕಾರಿಗೆ ಏನಾಯ್ತು?” ಎಂದ ಗಂಡ.

“ಕಾರು ಚೆನ್ನಾಗಿದೆ. ನಮ್ಮ ಮಾತು ಮುಗಿದಿಲ್ಲ.”

ಅವನು ಅಪ್ಪನ ರಾತ್ರಿಯ ಮಾತ್ರೆ ಬಿಳಿಯದೋ ಹಳದಿಯದೋ ಎಂದು ಕೇಳಿದ. ಚೀಟಿಯಲ್ಲಿ ಬರೆದಿದೆ, ಓದಿಕೊಳ್ಳಿ ಎಂದು ಹೇಳಿ ಅವಳು ಒಳಗೆ ಬಂದಳು.

ಬಿಸಿಲು ಡಬ್ಬಗಳ ಮೇಲಿಂದ ಗೋಡೆಗೆ ಹತ್ತಿತ್ತು. ಕಟ್ಟದೆ ಉಳಿದ ಲೋಟಗಳು ಪಕ್ಕದಲ್ಲೇ ಇದ್ದವು. ಅವಳು ಅವುಗಳನ್ನು ಮುಟ್ಟಲಿಲ್ಲ. ಗೋಡೆಗೆ ಒರಗಿ, ಕಾಲು ನೀಡಿ ಕೂತಳು. ಒಂಬತ್ತು ತಿಂಗಳು ಅಕ್ಕ ಒಬ್ಬಳೇ ಇದ್ದ ಕೋಣೆಯನ್ನು ಕಣ್ಣ ಮುಂದೆ ತಂದುಕೊಳ್ಳಲು ನೋಡಿದಳು. ಒಂದು ತಟ್ಟೆ, ಒಂದು ಲೋಟ, ಒಂದು ಚಾಪೆ, ಅಷ್ಟು ಬಂತು. ಕಿಟಕಿ ಬಂತು, ಆದರೆ ಅದರಾಚೆ ಏನೂ ಕಾಣಲಿಲ್ಲ. ಅಲ್ಲಿಂದ ಏನು ಕಾಣುತ್ತಿತ್ತೆಂದು ಅಕ್ಕ ಹೇಳಿರಲಿಲ್ಲ, ತಾನೂ ಕೇಳಿರಲಿಲ್ಲ. ವಾಪಸು ಬಂದದ್ದೇಕೆ ಎಂಬುದು ಆಮೇಲಾದರೂ ಆದೀತು. ಅಕ್ಕ ಎದ್ದ ಕೂಡಲೇ ಮೊದಲು ಕಿಟಕಿಯ ವಿಷಯ ಕೇಳಬೇಕು ಎಂದುಕೊಂಡಳು.