ಅಕ್ಕ ಬರೆದಿಟ್ಟ ಗಾಳಿ

ಸರಕಿನ ಹಾಗೆ ತೂಗಿ ನೋಡಿದರೆ ಊರವರು ‘ದಿನಚರಿ ಅಕ್ಕ’ ಎಂದು ಕರೆಯುವ ಹೆಂಗಸಿಗೆ ಹೆಚ್ಚು ಬೆಲೆ ಕಟ್ಟುವಂತಿರಲಿಲ್ಲ. ಐವತ್ತು ದಾಟಿದ ವಯಸ್ಸು, ಒಂದು ಕಾಲಿಗೆ ಮಂಡಿನೋವು, ಎರಡು ಎಕರೆ ಟೊಮೆಟೊ, ಚೌಕಾಸಿ ಬಾರದ ಬಾಯಿ. ಕೊಳೆತದ್ದನ್ನು ಕ್ರೇಟಿನ ತಳಕ್ಕೆ ಹಾಕಿ ಮೇಲೆ ಕೆಂಪು ಹಣ್ಣು ಜೋಡಿಸುವ ಕಲೆಯೂ ಅವಳಿಗೆ ಹತ್ತಿರಲಿಲ್ಲ. ಇಂಥವರನ್ನು ಕಂಡರೆ ನಮ್ಮಂಥ ತರಕಾರಿ ವ್ಯಾಪಾರಿಗಳ ಬಾಯಲ್ಲಿ ನೀರೂರುತ್ತದೆ.

ಆ ಅಡ್ಡಹೆಸರು ಬಂದದ್ದು ಸಾವಯವ ಸಹಾಯಧನದ ದೆಸೆಯಿಂದ. ಮೂರು ವರ್ಷ ರಾಸಾಯನಿಕ ಸೋಕಿಸದೆ ಬೆಳೆದು, ದಿನದಿನದ ಕೆಲಸವನ್ನು ಪುಸ್ತಕದಲ್ಲಿ ಬರೆದಿಟ್ಟವರಿಗೆ ಸರ್ಕಾರ ಹಣ ಕೊಡುತ್ತಿತ್ತು. ಅದರಲ್ಲಿ ಹಣ್ಣು ಒಣಗಿಸುವ ಶೆಡ್ಡು ಹಾಕಬೇಕು, ಬೆಲೆ ಬಿದ್ದ ದಿನ ವ್ಯಾಪಾರಿಯ ಮುಖ ನೋಡುತ್ತ ನಿಲ್ಲಬಾರದು ಎಂಬುದೊಂದೇ ಅವಳ ಹಂಬಲ. ಆ ವ್ಯಾಪಾರಿ ನಾನೇ. ಮೊದಲೆರಡು ವರ್ಷ ಅರ್ಧ ಫಸಲನ್ನು ಹುಳು ತಿಂದಿತು. ಅದನ್ನೂ ಬರೆದಳು. ಶೆಡ್ಡಿಗೆ ಪಾಯವನ್ನೂ ತೋಡಿಸಿದಳು.

ಪಕ್ಕದ ಹೊಲ ಅವಳ ಮೈದುನನದು. ಮೂರನೆಯ ವರ್ಷ ಒಂದು ಬೆಳಿಗ್ಗೆ ಅವನು ಔಷಧಿ ಹೊಡೆಯುತ್ತಿದ್ದಾಗ ಗಾಳಿ ತಿರುಗಿತು. ಅಕ್ಕನ ಹೊಲದ ಅಂಚಿನ ಎರಡು ಸಾಲುಗಳ ಮೇಲೆ ತುಂತುರು ಬಿತ್ತು. ಕ್ರೇಟು ಒಯ್ಯಲು ಹೋಗಿದ್ದ ನಾನು ಟವೆಲ್ಲಿನಿಂದ ಮೂಗು ಮುಚ್ಚಿಕೊಂಡೆ. ಅಕ್ಕ ಕೈ ತೊಳೆದು ಬಂದು ಪುಸ್ತಕ ತೆಗೆದಳು.

“ಗಾಳಿ ಬೀಸಿದ್ದನ್ನೂ ಬರೀತೀರಾ ಅತ್ತಿಗೆ? ನಾನು ಸೀನಿದ್ರೂ ಬರ್ಕೊಳ್ಳಿ,” ಎಂದ ಮೈದುನ, ಬೇಲಿಯಾಚೆಯಿಂದ.

“ನೀನು ಸೀನಿದ್ರೆ ಟೊಮೆಟೊಗೇನೂ ಆಗಲ್ಲಪ್ಪ,” ಎಂದು ಅವಳು ಬರೆಯುತ್ತಲೇ ಇದ್ದಳು.

ತಪಾಸಣೆಗೆ ಬಂದ ಅಧಿಕಾರಿ ಆ ಪುಟದ ಮೇಲೇ ಬೆರಳಿಟ್ಟ.

“ಔಷಧಿ ಬಿತ್ತು ಅಂತ ನೀವೇ ಬರೆದಿದೀರಲ್ಲಮ್ಮ. ಇನ್ನು ಮೂರು ವರ್ಷ ಮೊದಲಿಂದ ಶುರು.”

“ಬರೀದೇ ಇದ್ದಿದ್ರೆ?”

“ಬರೀದೇ ಇದ್ದಿದ್ದು ನನಗೆ ಹೇಗೆ ಗೊತ್ತಾಗ್ಬೇಕು?”

ಆಮೇಲೆ ದನಿ ತಗ್ಗಿಸಿ ಒಂದು ದಾರಿಯನ್ನೂ ತೋರಿಸಿದ. ತುಂತುರು ಪಕ್ಕದ ಹೊಲದಿಂದ ಬಂತೆಂದು ಕಣ್ಣಾರೆ ಕಂಡವರು ಹದಿನೈದು ದಿನದೊಳಗೆ ಬರೆದುಕೊಟ್ಟರೆ, ಅಂಚಿನ ಸಾಲು ಬಿಟ್ಟು ಉಳಿದ ಹೊಲಕ್ಕೆ ಸಹಾಯಧನ ಸಿಗುತ್ತಿತ್ತು.

ಕಂಡದ್ದನ್ನು ಬರೆದುಕೊಡಿ ಎಂದು ಅಕ್ಕ ನೇರ ನನ್ನ ಅಂಗಡಿಗೆ ಬಂದಳು. ಆದರೆ ಔಷಧಿ ಹೊಡೆದ ಅದೇ ಹೊಲವನ್ನು ಸಾವಯವವೆಂದು ತೋರಿಸಿ ಮೈದುನನೂ ಅರ್ಜಿ ಹಾಕಿದ್ದ. ಮೂರು ವರ್ಷದ ಪುಸ್ತಕವನ್ನು ಒಂದೇ ಮಧ್ಯಾಹ್ನ, ಒಂದೇ ಪೆನ್ನಿನಲ್ಲಿ ಬರೆದು ಮುಗಿಸಿದ್ದ. ನಾನು ಬಾಯಿ ಬಿಟ್ಟರೆ ಅವನ ಅರ್ಜಿ ಮಣ್ಣುಪಾಲು. ನನ್ನ ಲಾರಿ ತುಂಬುತ್ತಿದ್ದದ್ದೋ ಅವನ ಹತ್ತು ಎಕರೆಯಿಂದ.

“ಆವತ್ತು ನಾನು ಫೋನಲ್ಲಿದ್ದೆ ಅಕ್ಕ, ಸರಿಯಾಗಿ ನೋಡ್ಲಿಲ್ಲ.”

“ಬಾಯಿಗೆ ಮೂಗಿಗೆ ಟವೆಲ್ ಒತ್ಕೊಂಡು ಯಾರ ಹತ್ರ ಮಾತಾಡ್ತಿದ್ರಿ?”

ನಾನು ತಕ್ಕಡಿ ಒರೆಸತೊಡಗಿದೆ. ಅವಳು ಹೊರಟುಹೋದಳು.

ಹದಿನೈದು ದಿನ ಕಳೆದವು. ಮೈದುನನ ಪುಸ್ತಕ ಬಲು ಅಚ್ಚುಕಟ್ಟೆಂದು ಅಧಿಕಾರಿ ಹೊಗಳಿದನಂತೆ; ಹಣವೂ ಬಂತು. ಅಕ್ಕನ ಶೆಡ್ಡಿನ ಪಾಯದಲ್ಲಿ ಈಗ ಕೊಳೆತ ಹಣ್ಣು ಬಿದ್ದಿರುತ್ತದೆ. ಬೆಲೆ ಕುಸಿದ ದಿನ ಅವಳು ನನ್ನ ಅಂಗಡಿಯ ಮುಂದೆ ನಿಂತು, ನಾನು ಹೇಳಿದ್ದಕ್ಕೇ ಕೊಟ್ಟು ಹೋಗುತ್ತಾಳೆ.

“ಈಗಲೂ ಬರೀತೀರಾ ಅಕ್ಕ?” ಎಂದು ಮೊನ್ನೆ ಕೇಳಿದೆ.

“ಬರೀತೀನಿ. ಯಾರಿಗೂ ತೋರಿಸಲ್ಲ ಅಷ್ಟೆ.”

ನಾನು ಅವಳಿಗೆ ಬರೆದುಕೊಡಬೇಕಾದದ್ದು ಇಷ್ಟು: ಆ ಬೆಳಿಗ್ಗೆ ಔಷಧಿ ಮೈದುನನ ಹೊಲದಿಂದ ಬಂತು, ನಾನು ಅಲ್ಲೇ ನಿಂತು ನೋಡಿದೆ. ಅದನ್ನು ಇನ್ನೂ ಕೊಟ್ಟಿಲ್ಲ.