ಕಟ್ಟೆಯ ನಂಬರು, ಒಳಮನೆಯ ನಂಬರು

ನನ್ನ ಮೊಮ್ಮಗಳು ದಾಂಡೇಲಿಯ ಬಂಗೂರನಗರದ ಕಾಲೇಜಿಗೆ ಹೋಗಲು ಶುರುಮಾಡಿದ ವರ್ಷ ನಮ್ಮ ಮನೆಗೆ ಮೊದಲ ಮೊಬೈಲು ಬಂತು. ಹಳಿಯಾಳದ ಕಡೆಯ ನಮ್ಮ ಹಳ್ಳಿಯಿಂದ ದಾಂಡೇಲಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಹುಡುಗಿ, ಬಸ್ಸು ತಪ್ಪಿದರೆ ಮನೆಗೆ ತಿಳಿಯಬೇಕಲ್ಲ ಎಂದು ನನ್ನ ಮಗ ಕೊಡಿಸಿದ. ಹಿಗ್ಗಿದವಳು ನಾನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ಅವಳು. ನನ್ನದು ಎರಡನೇ ಇಯತ್ತೆಗೇ ಮುಗಿದ ಓದು, ಆದರೂ ಅವಳ ನಂಬರನ್ನು ಮಂಗಳಾರತಿ ಹಾಡಿನ ಹಾಗೆ ಬಾಯಿಪಾಠ ಮಾಡಿದ್ದೆ.

ಸ್ವಲ್ಪ ದಿನಕ್ಕೇ ಗುರುತಿಲ್ಲದವರ ಮಿಸ್ ಕಾಲ್ ಶುರುವಾದವು. ರೊಟ್ಟಿ ಬಡಿಯುವಾಗ ಒಂದು, ಪುಸ್ತಕ ಹಿಡಿದಾಗ ಒಂದು. ಎತ್ತಿದರೆ ಯಾವನೋ ಹುಡುಗ ‘ಊಟ ಆಯ್ತಾ’ ಎಂದು ಕೇಳುತ್ತಿದ್ದ. ನನ್ನ ಬೀಗರೂ ಅಷ್ಟು ಕಾಳಜಿಯಿಂದ ನನ್ನ ಊಟ ವಿಚಾರಿಸಿದ್ದಿಲ್ಲ. ಮೊಮ್ಮಗಳಿಗೆ ಮಾತ್ರ ನಗು ಬರಲಿಲ್ಲ. ನೀನೇ ಯಾರಿಗೋ ನಂಬರು ಕೊಟ್ಟಿರಬೇಕು ಎಂದು ಅವಳಪ್ಪ ಗದರಿದ. ಇಲ್ಲ ಎಂದಳು.

ಉಪಾಯ ಹುಡುಕಿದವಳೂ ಅವಳೇ. ಇನ್ನೊಂದು ಸಿಮ್ಮು ತರೋಣ, ಹಳೇ ನಂಬರು ಹೊರಗಿನವರಿಗೆ ಇರಲಿ, ಹೊಸದು ಮನೆಯವರಿಗೆ ಮಾತ್ರ ಎಂದಳು. ಎರಡು ನಂಬರು ಯಾವ ಸೀಮೆಯ ಷೋಕಿ ಎಂದ ನನ್ನ ಮಗ. ನನಗೆ ಮಾತ್ರ ಅದು ತಟ್ಟನೆ ತಿಳಿಯಿತು. ಮನೆಗೆ ಮುಂದೆ ಕಟ್ಟೆ ಇರುತ್ತದೆ, ಒಳಗೆ ಅಡಿಗೆಮನೆ ಇರುತ್ತದೆ. ಬಳೆಗಾರ ಬರಲಿ, ದಲಾಲಿ ಬರಲಿ, ಕಟ್ಟೆಯ ಮೇಲೆ ಕೂರಿಸಿ ನೀರು ಬೆಲ್ಲ ಕೊಡುತ್ತೇವೆ. ಒಲೆಯ ತನಕ ಬರುವವರು ನಮ್ಮವರು ಮಾತ್ರ. ಗಂಡನ ಹೆಸರನ್ನೇ ಒಡಪಿನ ಪದ್ಯದೊಳಗೆ ಮುಚ್ಚಿಟ್ಟು, ಅದೂ ಹತ್ತು ಸಲ ಕಾಡಿಸಿಕೊಂಡು ಹೇಳಿದವಳು ನಾನು. ಹುಡುಗಿಯ ನಂಬರು ಮುಚ್ಚಿಡುವುದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಹೊಸ ಸಿಮ್ಮನ್ನು ನನ್ನ ಹೆಸರಿನಲ್ಲೇ ತಂದೆವು. ಅದಕ್ಕಾಗಿ ಫೋಟೋ ತೆಗೆಸಿದಾಗ ನಾನು ಇಳಕಲ್ ಸೀರೆ ಉಟ್ಟುಕೊಂಡು ಹೋಗಿದ್ದೆ; ಮುಖದ ಫೋಟೋಕ್ಕೆ ಸೀರೆ ಯಾಕೆ ಎಂದು ಮೊಮ್ಮಗಳು ದಾರಿಯುದ್ದಕ್ಕೂ ನಕ್ಕಳು. ಹಳೇ ಸಿಮ್ಮು ಒಂದು ಸವೆದ ಫೋನಿನೊಳಗೆ ಸೇರಿ ಗೋಡೆಯ ಮಾಡದಲ್ಲಿ ಕುಳಿತಿತು. ಅದಕ್ಕೆ ನಾನೇ ಕಾವಲು. ಹೊಸ ನಂಬರು ಮನೆಯವರಿಗೂ ಅವಳ ಇಬ್ಬರು ಗೆಳತಿಯರಿಗೂ ಮಾತ್ರ.

ಒಂದಷ್ಟು ದಿನ ಹಾಯಾಗಿತ್ತು. ಆಮೇಲೆ ಒಳಮನೆಯ ನಂಬರಿಗೂ ‘ಊಟ ಆಯ್ತಾ’ ಬಂತು.

ನನ್ನ ಮಗ ಊಟದ ತಾಟು ಸರಿಸಿ ಎದ್ದ. “ನಂಬರ್ ಬದಲಾತು, ಕಾಲ್ ಬದಲಾಗ್ಲಿಲ್ಲ. ಈ ಪರೀಕ್ಷಾ ಮುಗೀಲಿ, ಕಾಲೇಜು ಸಾಕು. ಮುಂಡಗೋಡದವರು ಹೆಂಗೂ ಹೆಣ್ಣು ಕೇಳಾಕತ್ತಾರ.”

ಮೊಮ್ಮಗಳು ಫೋನನ್ನು ನನ್ನ ಮಡಿಲಿಗೆ ಹಾಕಿ ಪಾತ್ರೆ ತೊಳೆಯಲು ಹೋದಳು. ಆ ಪಾತ್ರೆಗಳ ಸದ್ದು ನನಗೆ ಈಗಲೂ ಕೇಳಿಸುತ್ತದೆ.

ಮರುದಿನ ಫೋನು ಹೊಡೆದುಕೊಂಡಾಗ ನಾನೇ ಎತ್ತಿದೆ. ಊಟ ಆಗಿದೆ, ನಿನ್ನದು ಆಯಿತೇ, ಏನು ಪಲ್ಯ ಎಂದು ಕೇಳಿದೆ. ಹುಡುಗ ತಡವರಿಸಿದ. ಯಾವೂರು, ಯಾರ ಪೈಕಿ ಎಂದೆ. ನಮ್ಮ ಸೀಮೆಯಲ್ಲಿ ಮುದುಕಿಯೊಬ್ಬಳು ಹಾಗೆ ಕೇಳಿದರೆ ಕಳ್ಳನೂ ನಿಜ ಹೇಳುತ್ತಾನೆ. ಊರು ಹೇಳಿದ. ಮನೆತನ ಹೇಳಿದ. ನೋಡಿದರೆ ಅವನ ಅಜ್ಜಿ ನನ್ನ ತವರೂರಿನವಳು, ನನ್ನ ಜೊತೆ ಶೆಂಗಾ ಬಿಡಿಸಿದವಳು! ಅವಳ ಮೊಣಕಾಲು ಹೇಗಿದೆ ಎಂದು ವಿಚಾರಿಸುವ ಹೊತ್ತಿಗೆ ಹುಡುಗನ ದನಿ ನೆಲಕ್ಕಿಳಿದಿತ್ತು.

“ಇನ್ನೊಮ್ಮೆ ಮಾಡಂಗಿಲ್ರಿ ಆಯಿ. ನಮ್ಮ ಅಜ್ಜಿಗೆ ಹೇಳಬ್ಯಾಡ್ರಿ.”

“ಹೇಳಂಗಿಲ್ಲ. ಈ ನಂಬರ್ ಯಾರು ಕೊಟ್ರು, ಅದನ್ನ ಹೇಳು.”

“ಯಾರೂ ಕೊಟ್ಟಿಲ್ರಿ. ಒಬ್ರು ಕಾಕಾ ಸಂತಿ ದಿವಸ ಅಂಗಡಿ ಮುಂದ ನಿಂತು, ನಮ್ಮ ಮಗಳ ನಂಬರಿಗೆ ಕರೆನ್ಸಿ ಹಾಕು ಅಂತ ಒದರ್ತಾರ್ರಿ. ಬ್ಯಾಡಂದ್ರೂ ಬಾಯಿಪಾಠ ಆಗತೈತಿ.”

ಫೋನು ಇಟ್ಟು ನಾನು ಒಬ್ಬಳೇ ನಕ್ಕೆ. ನನ್ನ ಮಗನ ದನಿ ಎಂಥದ್ದೆಂದರೆ, ಅವನು ಹೊಲದಲ್ಲಿ ನಿಂತು ತನ್ನ ಎತ್ತುಗಳನ್ನು ಕರೆದರೆ ಪಕ್ಕದ ಹೊಲದ ಎತ್ತುಗಳೂ ತಿರುಗಿ ನೋಡುತ್ತವೆ.

ಸಂಜೆ ಅವನು ಊಟಕ್ಕೆ ಕೂತಾಗ, ನೀನು ಕರೆನ್ಸಿ ಹಾಕಿಸುವುದು ಹೇಗೆ, ನನಗೂ ಕಲಿಸು ಎಂದೆ. ಅವ್ವನಿಗೆ ಕಲಿಸುವ ಯೋಗ ಅವನಿಗೆ ಯಾವಾಗ ಬರಬೇಕು! ರೊಟ್ಟಿ ಕೈಯಲ್ಲಿ ಹಿಡಿದೇ, ಅಂಗಡಿಯವನಿಗೆ ಹೇಳುವ ಹಾಗೆ ಒಂದೊಂದೇ ಅಂಕಿ ಬಿಡಿಸಿ ಬಿಡಿಸಿ ಹೇಳಿದ. ಹೇಳಿ ಮುಗಿಸುವಷ್ಟರಲ್ಲಿ ಗೋಡೆಯಾಚೆಯಿಂದ ಪಕ್ಕದ ಮನೆಯಾಕೆಯ ಮಾತು ತೇಲಿಬಂತು.

“ಅಣ್ಣಾ, ಯಾರ್ದ ನಂಬರ್? ಬರ್ಕೋಬೇಕೇನು?”

ಮಗ ಗೋಡೆ ನೋಡಿದ. ನನ್ನನ್ನು ನೋಡಿದ. ಆಮೇಲೆ ಮಗಳನ್ನು ನೋಡಿದ. ನಾನು ಬೆಳಗಿನ ಹುಡುಗನ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಎಷ್ಟೋ ದಿನದ ಮೇಲೆ ಮೊಮ್ಮಗಳು ನಕ್ಕಳು. ಮೊದಲು ಬಾಯಿಗೆ ಕೈ ಹಿಡಿದು, ಆಮೇಲೆ ಕೈ ಬಿಟ್ಟು.

“ಮತ್ತ ಹೆಂಗ ಹೇಳೂದು?” ಎಂದ ಮಗ. ಅಷ್ಟು ಮೆತ್ತಗೆ ಅವನು ಮಾತಾಡಿದ್ದನ್ನು ಅವನನ್ನು ಹೆತ್ತ ನಾನೇ ಕೇಳಿರಲಿಲ್ಲ.

ಹೇಳುವುದೇ ಬೇಡ, ಕರೆನ್ಸಿ ಕಾರ್ಡು ತಂದುಕೊಟ್ಟರೆ ಗೀರಿ ನಾನೇ ಹಾಕಿಕೊಳ್ಳುತ್ತೇನೆ ಎಂದಳು ಮೊಮ್ಮಗಳು. ಕಾಲೇಜು ಬಿಡಿಸುವ ಮಾತು ಆ ರೊಟ್ಟಿಯ ಜೊತೆಗೇ ಹೊಟ್ಟೆಗಿಳಿಯಿತು; ಅವನೂ ಮತ್ತೆ ಎತ್ತಲಿಲ್ಲ, ನಾವೂ ಕೆದಕಲಿಲ್ಲ. ಹುಡುಗಿ ಓದುತ್ತಾಳೆ ಎಂದು ಮುಂಡಗೋಡಕ್ಕೆ ಅವನೇ ಹೇಳಿಕಳಿಸಿದ. ಒಳಮನೆಗೆ ಮತ್ತೊಂದು ಹೊಸ ನಂಬರು ಬಂತು. ಅದನ್ನು ನನ್ನ ಮಗನಿಗೆ ಮಾತ್ರ ಹೇಳಲಿಲ್ಲ. ಮಗಳ ಹತ್ತಿರ ಮಾತಾಡಬೇಕೆಂದರೆ ಅವನು ನನ್ನ ಮುಂದೆ ಬಂದು ನಿಲ್ಲಬೇಕು, ನಾನು ಒತ್ತಿಕೊಡಬೇಕು. ಆ ಸುಖವನ್ನು ನಾನು ಬೇಕೆಂದೇ ಬಹಳ ದಿನ ಅನುಭವಿಸಿದೆ.

ಅವಳು ಡಿಗ್ರಿ ಮುಗಿಸಿದಳು, ಫಸ್ಟ್ ಕ್ಲಾಸಿನಲ್ಲಿ! ಫಲಿತಾಂಶದ ದಿನ ನನ್ನ ಮಗ ಪೇಢೆ ತರಲು ಹಳಿಯಾಳಕ್ಕೆ ಹೋದ. ಸಿಕ್ಕವರೆಲ್ಲ ಮಗಳ ನಂಬರು ಕೊಡು, ಒಳ್ಳೆಯ ಮಾತು ಹೇಳುತ್ತೇವೆ ಎಂದರಂತೆ. ಅವನು ಒಬ್ಬೊಬ್ಬರ ಕಿವಿಯ ಹತ್ತಿರ ಬಾಗಿ, ಪಿಸುಮಾತಿನಲ್ಲಿ, ಕಟ್ಟೆಯ ನಂಬರು ಕೊಟ್ಟ.

ಅವತ್ತು ಮಾಡದಲ್ಲಿದ್ದ ಆ ಫೋನು ರೊಟ್ಟಿಯ ಹಂಚಿನ ಹಾಗೆ ಕಾದಿತ್ತು. ಫಸ್ಟ್ ಕ್ಲಾಸು, ಹೌದು, ಫಸ್ಟ್ ಕ್ಲಾಸು ಎಂದು ಹೇಳಿ ಹೇಳಿ ನನ್ನ ಗಂಟಲು ಕಟ್ಟಿತು, ಸಂತೋಷ ಮಾತ್ರ ಕಟ್ಟಲಿಲ್ಲ. ಕತ್ತಲಾಗುವ ಮುಂಚೆ ಮುಂಡಗೋಡದ ಆ ಮನೆಯವರದೂ ಫೋನು ಬಂತು. ಹುಡುಗಿಯ ಜೊತೆಗೇ ಮಾತಾಡಬೇಕು, ಅವಳ ನಂಬರು ಕೊಡಿ ಎಂದರು ಹುಡುಗನ ತಾಯಿ. ನಾನು ಅಡಿಗೆಮನೆಯ ಕಡೆ ನೋಡಿದೆ. ಮೊಮ್ಮಗಳು ಬಾಯಿತುಂಬ ಪೇಢೆ ಇಟ್ಟುಕೊಂಡು ತಲೆ ಅಲ್ಲಾಡಿಸಿದಳು.

“ಕಟ್ಟಿ ಮ್ಯಾಲೆ ಕುಂಡ್ರಿ ಬಾಯಾರ,” ಎಂದೆ, “ಕೇಳಿ ಹೇಳ್ತೇನಿ.”